ಪಾವ್‌ಪಾವ್ ಕಣಿವೆಯ ಎರಡು ಹೇಂಟೆಗಳು

ಹೋಬರ್ಟ್ ರ್ಯಾಟ್ಲಿಫ್ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವನು. ಸಂಜೆ ಕೊನೆಯ ಮಗುವನ್ನು ಇಳಿಸಿ, ಬಸ್ಸನ್ನು ತನ್ನ ಮನೆಯಂಗಳದಲ್ಲಿ ನಿಲ್ಲಿಸಿದ ಮೇಲೆ ಹಿಂದಿನ ಸೀಟಿನ ತನಕ ನಡೆದುಹೋಗಿ ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡುತ್ತಿದ್ದ. ಯಾವುದಾದರೂ ಮಗು ನಿದ್ದೆಹೋಗಿ ಉಳಿದುಬಿಟ್ಟಿದ್ದರೆ? ನೋಡಿ ಕೆಳಗಿಳಿದು, ಬಾಗಿಲೆಳೆದು, ಹತ್ತು ಹೆಜ್ಜೆ ಹೋದವನು ಮತ್ತೆ ವಾಪಸು ಬಂದು ಇನ್ನೊಂದು ಸಲ ನೋಡುತ್ತಿದ್ದ. ಹೆಂಡತಿ ಒನೀಡಾ ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತ, ಅವನು ಎರಡನೇ ಸಲ ಇಳಿದಾಗ ಕಾಫಿ ಬಗ್ಗಿಸುತ್ತಿದ್ದಳು. ಮೊದಲನೇ ಸಲಕ್ಕೇ ಬಗ್ಗಿಸಿದರೆ ಆರಿಹೋಗುತ್ತದೆ ಎಂದು ಅವಳಿಗೆ ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು.

ಹೆದರಿಕೆ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಅವನಿಗೆ ಹನ್ನೊಂದು ವರ್ಷವಿದ್ದಾಗ ಅಪ್ಪ ಗಣಿಯೊಳಗೆ ಚಾವಣಿ ಕುಸಿದು ಸತ್ತ. ವರ್ಜೀನಿಯಾದ ಆ ಕಲ್ಲಿದ್ದಲ ಬೆಟ್ಟಗಳಲ್ಲಿ ಗಂಡಸರಾದವರು ಗಣಿಗಿಳಿಯುವುದು ಎಷ್ಟು ಸಹಜವೋ, ಹೋಬರ್ಟ್ ಇಳಿಯದೆ ಉಳಿದದ್ದು ಅಷ್ಟೇ ಅಸಹಜ. ಬಸ್ಸು ಓಡಿಸುವ ಕೆಲಸ ಹಿಡಿದ. ಬೆನ್ನಹಿಂದೆ ಜನ ಆಡಿಕೊಂಡರು. ಆಡಿಕೊಂಡವರ ಮಕ್ಕಳನ್ನೇ ಅವನು ದಿನವೂ ಜೋಪಾನವಾಗಿ ಕರೆದೊಯ್ದು ಕರೆತಂದ.

ಅವನಿಗಿದ್ದ ಒಂದೇ ಹುಚ್ಚು ಬೇಟೆಗಾರರು ಕಾಡು ಟರ್ಕಿ ಕೋಳಿಯ ಹುಂಜವನ್ನು ಹೇಂಟೆಯ ದನಿಯಲ್ಲಿ ಹತ್ತಿರ ಕರೆಯುವ ಕೂಗುಪೆಟ್ಟಿಗೆ ಮಾಡುವುದು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೂತು, ಅಂಗೈಯಗಲದ ದೇವದಾರು ತುಂಡನ್ನು ಉಳಿಯಿಂದ ತೋಡಿ, ಪಕ್ಕದ ಗೋಡೆಗಳನ್ನು ಬೆಳಕು ಹಾಯುವಷ್ಟು ತೆಳ್ಳಗೆ ಕೀಸಿ, ಮೇಲೆ ಅಕ್ರೋಟು ಮರದ ಉದ್ದ ಹಿಡಿಯ ಮುಚ್ಚಳವನ್ನು ಒಂದೇ ಒಂದು ತಿರುಪಿನಲ್ಲಿ ಸಿಕ್ಕಿಸುವನು. ಮುಚ್ಚಳದ ಒಳಮೈಗೆ ಸೀಮೆಸುಣ್ಣ ತಿಕ್ಕಿ ಪೆಟ್ಟಿಗೆಯ ಅಂಚಿನ ಮೇಲೆ ಮೆಲ್ಲಗೆ ಎಳೆದರೆ ಹೇಂಟೆ ಕೂಗಬೇಕು. ಮೊದಲು ಸಣ್ಣಗೆ ಸೀಳಿದಂತೆ ಎದ್ದು, ಮಧ್ಯದಲ್ಲಿ ಒಡೆದು, ಗೊಗ್ಗರಾಗಿ ಕೆಳಗಿಳಿಯಬೇಕು. ಆ ಒಡೆಯುವ ಜಾಗ ಸಿಗುವುದೇ ಕಷ್ಟ. ಉಪ್ಪುಕಾಗದದಿಂದ ಒಂದು ಉಜ್ಜು ಹೆಚ್ಚಾದರೆ ಮರ ಸತ್ತ ಹಾಗೆ. ಒಂದು ಪೆಟ್ಟಿಗೆಗೆ ಅವನು ಮೂರು ವಾರ ತೆಗೆದುಕೊಳ್ಳುತ್ತಿದ್ದ. ತಳದಲ್ಲಿ ಕಾದ ಮೊಳೆಯಿಂದ ನಂಬರು ಬರೆದು ಪರಿಚಯದವರಿಗೆ ಸುಮ್ಮನೆ ಕೊಟ್ಟುಬಿಡುತ್ತಿದ್ದ.

ತಾನು ಮಾತ್ರ ಬೇಟೆಗೆ ಹೋಗುತ್ತಿರಲಿಲ್ಲ. ಒಂದು ಕಾಲದಲ್ಲಿ ಹೋಗುತ್ತಿದ್ದ. ಮೂವತ್ತೆರಡನೇ ವಯಸ್ಸಿನಲ್ಲಿ, ಒಂದು ಏಪ್ರಿಲ್ ಬೆಳಿಗ್ಗೆ ಪೊದೆಯ ಹಿಂದೆ ನೀಲಿ ತಲೆಯೊಂದು ಆಡುವುದನ್ನು ಕಂಡು ಬಂದೂಕು ಎತ್ತಿದ. ವಸಂತದಲ್ಲಿ ಹುಂಜದ ತಲೆ ಕೆಂಪು, ಬಿಳಿ, ನೀಲಿ ಮೂರೂ ಬಣ್ಣ ತಿರುಗುತ್ತದೆ. ಬೆರಳು ಬಂದೂಕಿನ ಕುದುರೆಗೆ ತಾಗಿತ್ತು. ಅಷ್ಟರಲ್ಲಿ ಆ ತಲೆ ಕೆಮ್ಮಿತು. ಕಾಡುಬೆಳ್ಳುಳ್ಳಿ ಅಗೆಯಲು ಬಂದಿದ್ದ ಪಕ್ಕದ ಕಣಿವೆಯ ಮುದುಕಿ. ತಲೆಗೆ ನೀಲಿ ವಸ್ತ್ರ. ಹೋಬರ್ಟ್ ಅವಳ ಬುಟ್ಟಿ ತುಂಬುವವರೆಗೂ ಅಗೆದುಕೊಟ್ಟು, ಮನೆಗೆ ಬಂದು ಬಂದೂಕು ಮಾರಿದ. ಏನಾಗಲಿತ್ತೆಂಬುದು ಮುದುಕಿಗೆ ಕೊನೆಗೂ ಗೊತ್ತಾಗಲಿಲ್ಲ.

ಕಥೆಯಾದದ್ದು ಅವನ ಐವತ್ತೆಂಟನೇ ವರ್ಷದ ಏಪ್ರಿಲ್‌ನಲ್ಲಿ, ಬೇಟೆ ಶುರುವಾಗುವ ಶನಿವಾರ.

ಊರಿನವರು ಹೋಬರ್ಟನ ಹತ್ತಿರ ಪೆಟ್ಟಿಗೆಗೆ ಮಾತ್ರ ಬರುತ್ತಿರಲಿಲ್ಲ. ಹುಂಜ ಎಲ್ಲಿದೆ ಎಂದು ಕೇಳಲೂ ಬರುತ್ತಿದ್ದರು. ದಿನಾ ನಸುಕಿನಲ್ಲಿ ಬಸ್ಸು ತೆಗೆದುಕೊಂಡು ಎಲ್ಲ ಕಣಿವೆಗಳನ್ನೂ ಸುತ್ತುವವನಿಗೆ, ಯಾವ ಹುಂಜ ಯಾವ ಮರದಿಂದ ಇಳಿದು ಎಲ್ಲಿ ರಸ್ತೆ ದಾಟುತ್ತದೆ ಎಂಬುದು ಅಂಗೈ ಗೆರೆಯಷ್ಟು ಗೊತ್ತು. ಆ ವರ್ಷದ ದೊಡ್ಡ ಹುಂಜ ಪಾವ್‌ಪಾವ್ ಕಣಿವೆಯಲ್ಲಿತ್ತು. ಎದೆಯಿಂದ ಗಡ್ಡದ ಹಾಗೆ ಜೋಲುವ ಗರಿಗೊಂಚಲು ನೆಲಕ್ಕೆ ಗೀರುವಷ್ಟು ಉದ್ದ.

ಗುರುವಾರ ಎಸ್ಟಿಲ್ ಲೂನಿ ಬಂದ. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ ಮನುಷ್ಯ. ಅವನ ಪೆಟ್ಟಿಗೆಯ ಮುಚ್ಚಳ ಸಡಿಲವಾಗಿತ್ತು. ಹೋಬರ್ಟ್ ತಿರುಪು ಕಾಲು ಸುತ್ತು ಬಿಗಿಮಾಡಿ ಕೊಟ್ಟ.

"ಎಲ್ಲಿದಾನೆ ಈ ಸಲ ನಮ್ಮ ದೊಡ್ಮನುಷ್ಯ?" ಎಂದ ಎಸ್ಟಿಲ್, ಕೆಂಪು ಕರವಸ್ತ್ರದಲ್ಲಿ ಮೂಗೊರೆಸಿಕೊಳ್ಳುತ್ತ. ಮರ ಹೂಬಿಡುವ ಕಾಲಕ್ಕೆ ಅವನ ಮೂಗು ನಲ್ಲಿಯ ಹಾಗೆ ಸುರಿಯುತ್ತಿತ್ತು.

"ಪಾವ್‌ಪಾವ್‌ನಲ್ಲಿ. ಹಳೇ ಗೇಟಿಂದ ಮೇಲಕ್ಕೆ."

"ಬೇರೆ ಯಾರಿಗೂ ಹೇಳ್ಬೇಡ ಮಾರಾಯ."

"ಯಾರಿಗ್ ಹೇಳ್ಲಿ," ಎಂದ ಹೋಬರ್ಟ್.

ಶುಕ್ರವಾರ ಸಂಜೆ ಒನೀಡಾಳ ತಮ್ಮ ಆರ್ವಿಲ್ ವಾನೋವರ್ ಊಟಕ್ಕೆ ಬಂದ. ಬೇಯಿಸಿದ ಬೀನ್ಸು, ಜೋಳದ ಬ್ರೆಡ್ಡು, ಕಾಡುಬೆಳ್ಳುಳ್ಳಿ ಹಾಕಿ ಹುರಿದ ಆಲೂಗೆಡ್ಡೆ. ಆರ್ವಿಲ್ ತಟ್ಟೆಯಿಂದ ತಲೆಯೆತ್ತದೆ ಕೇಳಿದ: "ಭಾವ, ಪಾವ್‌ಪಾವ್‌ನಲ್ಲಿ ಒಂದು ಕೂಗ್ತಿದೆಯಂತಲ್ಲ, ನಿಜವಾ?"

ಹೋಬರ್ಟನ ಬಾಯಲ್ಲಿ ತುತ್ತಿತ್ತು. ಆ ಕ್ಷಣ ಹೇಳಬೇಕಾದ ಮಾತು ಒಂದೇ: ಅಲ್ಲಿಗೆ ಎಸ್ಟಿಲ್ ಹೋಗುತ್ತಿದ್ದಾನೆ. ಆದರೆ ಆ ಹೆಸರನ್ನು ಆರ್ವಿಲ್ ಇರುವ ಮೇಜಿನಲ್ಲಿ ಹನ್ನೊಂದು ವರ್ಷದಿಂದ ಯಾರೂ ಬೇಕೆಂದು ಎತ್ತಿರಲಿಲ್ಲ. ಗಣಿ ಕಾರ್ಮಿಕರ ದೊಡ್ಡ ಮುಷ್ಕರದಲ್ಲಿ ಆರ್ವಿಲ್ ಹತ್ತು ತಿಂಗಳು ಗಣಿಯ ಗೇಟಿನೆದುರು ಬಿಸಿಲು ಹಿಮವೆನ್ನದೆ ನಿಂತಿದ್ದ. ಅವನ ಜೊತೆಗೇ ನಿಂತಿದ್ದ ಎಸ್ಟಿಲ್, ಹೆಂಡತಿಯ ಕಾಯಿಲೆ ಹೆಚ್ಚಾದಾಗ ಏಳನೇ ತಿಂಗಳಲ್ಲಿ ತಲೆತಗ್ಗಿಸಿಕೊಂಡು ಒಳಗೆ ಹೋಗಿ ಕೆಲಸಕ್ಕೆ ನಿಂತ. ಅವತ್ತಿನಿಂದ ಮಾತಿಲ್ಲ. ಚರ್ಚಿನಲ್ಲಿ ಒಬ್ಬ ಎಡಗಡೆ ಕೂತರೆ ಇನ್ನೊಬ್ಬ ಬಲಗಡೆ. ಎರಡು ವರ್ಷದ ಹಿಂದೆ ಮೇಜಿನಲ್ಲಿದ್ದ ನೆಂಟರೊಬ್ಬರು ಮರೆತು ಎಸ್ಟಿಲ್ ಎಂದದ್ದಕ್ಕೆ ಆರ್ವಿಲ್ ಟೋಪಿ ತೆಗೆದುಕೊಂಡು ಎದ್ದುಹೋದವನು ಕ್ರಿಸ್‌ಮಸ್‌ವರೆಗೂ ಅಕ್ಕನ ಮನೆಗೆ ಬಂದಿರಲಿಲ್ಲ.

ಹೋಬರ್ಟ್ ತುತ್ತು ನುಂಗಿದ. ಹೌದೆಂದು ತಲೆಯಾಡಿಸಿದ.

"ಹಾಗಾದ್ರೆ ಅಲ್ಲಿಗೇ," ಎಂದ ಆರ್ವಿಲ್, ಬೀನ್ಸಿನ ಪಾತ್ರೆಗೆ ಕೈಚಾಚುತ್ತ.

ಊಟ ಮುಗಿಯಲಿ, ಹೊರಗೆ ಹೋದಾಗ ಹೇಳುತ್ತೇನೆ ಎಂದುಕೊಂಡ. ಹೊರಗೆ ಹೋದಾಗ ಆರ್ವಿಲ್ ನಗುನಗುತ್ತಿದ್ದ, ಹೇಳಲಾಗಲಿಲ್ಲ. ಕಾರು ಹೊರಟಮೇಲೆ ಎಸ್ಟಿಲ್‌ಗಾದರೂ ಫೋನು ಮಾಡೋಣವೆಂದುಕೊಂಡ. ಏನೆಂದು ಹೇಳುವುದು? ನೀನು ಹೋಗಬೇಡ ಎನ್ನಲೆ? ಮೊದಲು ಮಾತು ಕೊಟ್ಟದ್ದು ಅವನಿಗೆ. ಕಣಿವೆ ದೊಡ್ಡದು, ಒಬ್ಬ ಮೇಲೆ ಕೂರುತ್ತಾನೆ, ಒಬ್ಬ ಕೆಳಗೆ ಕೂರುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮಲಗಿದ. ಸಮಾಧಾನ ನಿದ್ದೆಯ ತನಕ ಬರಲಿಲ್ಲ.

ಬೆಳಿಗ್ಗೆ ಐದಕ್ಕೆ ಆರ್ವಿಲನ ಮನೆಗೆ ಫೋನು ಮಾಡಿದ. ಅವನ ಹೆಂಡತಿ ಆಕಳಿಸುತ್ತ, "ಹೋಗಿ ಒಂದು ಗಂಟೆ ಆಯ್ತಲ್ಲ. ಏನು ವಿಷ್ಯ?" ಎಂದಳು.

"ಏನಿಲ್ಲ, ಏನಿಲ್ಲ."

ಎಸ್ಟಿಲನ ಮನೆಯಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಹನ್ನೆರಡು ಸಲ ಆದಮೇಲೆ ಇಟ್ಟ.

ಒನೀಡಾ ಬನ್ನಿನಂಥ ಮೆತ್ತನೆ ಬಿಸ್ಕತ್ತು ಒಲೆಯಿಂದ ತೆಗೆದು, ಮೇಲೆ ಬಿಳಿ ಗ್ರೇವಿ ಸುರಿದು ಮುಂದಿಟ್ಟಳು. ಅವನು ಮುಟ್ಟಲಿಲ್ಲ.

"ಯಾರ್ಗೆ ಫೋನು?"

"ಸುಮ್ನೆ."

"ಸುಮ್ನೆ ಐದ್ ಗಂಟೆಗ್ಯಾರೂ ಫೋನ್ ಮಾಡಲ್ಲ, ಹೋಬರ್ಟ್."

ಅವನು ತಟ್ಟೆ ಬಿಟ್ಟು ಜಗಲಿಗೆ ಹೋದ. ಪಾವ್‌ಪಾವ್ ಕಣಿವೆಯ ಬಾಯಿ ಹೊಳೆಯಾಚೆ, ಮನೆಯ ಎದುರಿಗೇ. ಗಾಳಿಯಿಲ್ಲದ ಮುಂಜಾವು. ಇಂಥ ಬೆಳಿಗ್ಗೆ ಆ ಕಣಿವೆಯಲ್ಲಿ ಕೊಂಬೆ ಮುರಿದರೂ ಈಚೆಗೆ ಕೇಳುತ್ತದೆ.

ಮೊದಲು ಹುಂಜ ಒಂದೇ ಸಲ ಗುಡುಗಿ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮೇಲುಗಡೆಯಿಂದ ಹೇಂಟೆ ಕೂಗಿತು. ಹೋಬರ್ಟನಿಗೆ ತಕ್ಷಣ ಗೊತ್ತಾಯಿತು: ಹದಿನೇಳನೇ ನಂಬರು, ಎಸ್ಟಿಲನದು. ಆ ದೇವದಾರಿನ ದನಿ ಒಡೆಯುವಾಗ ಸ್ವಲ್ಪ ಬಿಕ್ಕುತ್ತದೆ. ಕೆಳಗಿನಿಂದ ಇನ್ನೊಂದು ಹೇಂಟೆ ಉತ್ತರ ಕೊಟ್ಟಿತು. ಇಪ್ಪತ್ತನಾಲ್ಕು, ಆರ್ವಿಲನದು, ಅಕ್ರೋಟಿನ ಗಡಸು.

ಅವನು ಜಗಲಿಯ ಅಂಚಿಗೆ ಬಂದು ನಿಂತ.

ಮೇಲಿನದು ಕೂಗಿತು, ಕೆಳಗಿನದು ಓಗೊಟ್ಟಿತು. ಮೇಲಿನದು ಬಾ ಎಂದಿತು, ಕೆಳಗಿನದು ನೀನೇ ಬಾ ಎಂದಿತು. ಎರಡೂ ಇಷ್ಟು ಚೆನ್ನಾಗಿ ಕೂಗುತ್ತಿದ್ದವೆಂದರೆ, ಮಾಡಿದವನಲ್ಲದೆ ಬೇರೆ ಯಾರೇ ಕೇಳಿದ್ದರೂ ಕಾಡಿನಲ್ಲಿ ಎರಡು ಹಕ್ಕಿ ಮಾತಾಡುತ್ತಿವೆ ಎಂದೇ ತಿಳಿಯುತ್ತಿದ್ದರು. ಅದಕ್ಕಾಗಿಯೇ ಮೂವತ್ತು ವರ್ಷ ಉಜ್ಜಿದವನು ಅವನು. ಈಗ ಆ ದನಿಯಲ್ಲಿ ಏನಾದರೂ ಒಂದು ಊನ ಇರಬಾರದಿತ್ತೇ ಎಂದು ಹಲ್ಲು ಕಚ್ಚಿದ.

ಆಮೇಲೆ ಕೆಳಗಿನ ದನಿ ಜಾಗ ಬದಲಿಸಿತು.

ಆರ್ವಿಲ್ ಕೂತಲ್ಲಿ ಕೂರುವವನಲ್ಲ. ಹೇಂಟೆ ಕೂಗಿದ ಕಡೆ ಹುಂಜವೂ ಇರುತ್ತದೆಂದು ಬೆಕ್ಕಿನ ಹಾಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗುವ ಚಾಳಿ ಅವನದು. ಮುಂದಿನ ಕೂಗು ಇನ್ನೂ ಮೇಲಿನಿಂದ ಬಂತು. ಅದರ ಮುಂದಿನದು ಇನ್ನೂ. ಎದುರಿನ ಇಳಿಜಾರಿನ ಕಾಡುಮರಗಳೆಲ್ಲ ಬೆಳ್ಳಗೆ ಹೂಬಿಟ್ಟು ನಿಂತಿರುವುದು ಆಗ ಹೋಬರ್ಟನ ಕಣ್ಣಿಗೆ ಬಿತ್ತು. ಹೂವು ಕಂಡದ್ದೇ ಎಸ್ಟಿಲನ ಮೂಗು ನೆನಪಾಯಿತು. ಮೂಗಿನ ಜೊತೆ ಕೆಂಪು ಕರವಸ್ತ್ರ.

ಪೊದೆಯ ಹಿಂದೆ ಕೆಂಪಗೆ ಒಂದಿಷ್ಟು ಆಡಿದರೆ ಸಾಕು.

ಮತ್ತೆ, ಆರ್ವಿಲ್ ಹೊಡೆದ ಎಂದಮೇಲೆ, ಕಾಣದೆ ಹೊಡೆದ ಎಂದು ಈ ಜಿಲ್ಲೆಯಲ್ಲಿ ಯಾರು ನಂಬುತ್ತಾರೆ? ಒಬ್ಬ ಮಣ್ಣಿಗೆ, ಇನ್ನೊಬ್ಬ ಜೈಲಿಗೆ. ಇಬ್ಬರನ್ನೂ ಅಲ್ಲಿಗೆ ಕಳಿಸಿದವನು ಇಲ್ಲಿ ಜಗಲಿಯಲ್ಲಿ.

"ಒನೀಡಾ!" ಎಂದು ಕೂಗಿಕೊಂಡ. ಅವಳು ಬರುವಷ್ಟರಲ್ಲಿ ಅವನು ಅಂಗಳದಲ್ಲಿದ್ದ. ಪಿಕಪ್ ಗಾಡಿಯ ಹಾರನ್ನು ಕರು ಕೆಮ್ಮಿದಷ್ಟು ಸದ್ದು ಮಾಡುತ್ತಿತ್ತು. ಅವನು ಹಳದಿ ಬಸ್ಸು ಹತ್ತಿದ.

ಶನಿವಾರ ಬೆಳಿಗ್ಗೆ ಆರೂಕಾಲಿಗೆ ಶಾಲೆಯ ಬಸ್ಸು ಹಾರನ್ನನ್ನು ಒತ್ತಿಹಿಡಿದುಕೊಂಡು ಪಾವ್‌ಪಾವ್ ಕಣಿವೆಯ ರಸ್ತೆ ಏರಿದ್ದನ್ನು ಅಲ್ಲಿಯವರು ಬಹುಕಾಲ ಹೇಳುತ್ತಿದ್ದರು. ಹೆಂಗಸರು ರಾತ್ರಿಯುಡುಪಿನಲ್ಲೇ ಜಗಲಿಗೆ ಬಂದರು. "ಇವತ್ತು ಶಾಲೆ ಇದ್ಯೇನೋ?" ಎಂದು ಒಬ್ಬಳು ಕಿರುಚಿದಳು. ಹೋಬರ್ಟ್ ಒಂದು ಕೈಯಲ್ಲಿ ಚಕ್ರ, ಇನ್ನೊಂದರಲ್ಲಿ ಹಾರನ್ನು ಹಿಡಿದು, ಇಪ್ಪತ್ತಾರು ವರ್ಷದಲ್ಲಿ ಎಂದೂ ಹೋಗದ ವೇಗದಲ್ಲಿ ಹೋಗುತ್ತಿದ್ದ. ಹಾರನ್ನಿನ ಸದ್ದಿನಲ್ಲಿ ಗುಂಡಿನ ಸದ್ದು ಕೇಳದೆಹೋದರೆ ಎಂಬ ಭಯಕ್ಕೆ ನಡುನಡುವೆ ಕೈ ತೆಗೆಯುತ್ತಿದ್ದ; ಕೇಳಿಬಿಟ್ಟರೆ ಎಂಬ ಭಯಕ್ಕೆ ಮತ್ತೆ ಒತ್ತುತ್ತಿದ್ದ.

ಹಳೇ ಗೇಟಿನ ಹತ್ತಿರ ದಪ್ಪ ಮರವೊಂದರ ಎರಡು ಮಗ್ಗುಲಲ್ಲಿ ಎರಡು ಟ್ರಕ್ಕು ನಿಂತಿದ್ದವು. ಕತ್ತಲೆಯಲ್ಲಿ ಒಬ್ಬನ ಟ್ರಕ್ಕು ಇನ್ನೊಬ್ಬನ ಕಣ್ಣಿಗೆ ಬಿದ್ದಿರಲಿಲ್ಲ. ಹೋಬರ್ಟ್ ಇಳಿದು, ಎರಡು ಕೈಯನ್ನೂ ಮೇಲೆತ್ತಿಕೊಂಡು, "ಹೊಡೀಬೇಡ್ರೋ! ಮನುಷ್ಯ ಕಣ್ರೋ! ಆರ್ವಿಲ್! ಎಸ್ಟಿಲ್!" ಎಂದು ಅರಚುತ್ತ ದಿಬ್ಬ ಹತ್ತಿದ. ಆ ಎರಡು ಹೆಸರು ಒಂದೇ ಉಸಿರಿನಲ್ಲಿ ಆ ಬೆಟ್ಟದಲ್ಲಿ ಕೇಳಿ ಹನ್ನೊಂದು ವರ್ಷವಾಗಿತ್ತು.

ಯಾರೂ ಓಗೊಡಲಿಲ್ಲ. ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಇನ್ನೊಂದು ಇಪ್ಪತ್ತು ಮಾರು ಹತ್ತಿದಾಗ ಕಂಡರು. ಎಸ್ಟಿಲ್ ಓಕ್ ಮರಕ್ಕೆ ಬೆನ್ನುಕೊಟ್ಟು ಎದ್ದು ನಿಂತಿದ್ದ, ಕರವಸ್ತ್ರ ಮೂಗಿನ ಹತ್ತಿರ ಹಿಡಿದವನು ಹಿಡಿದ ಹಾಗೇ. ಅವನಿಂದ ಮೂವತ್ತು ಹೆಜ್ಜೆ ಕೆಳಗೆ ಬಿದ್ದ ಮರದ ದಿಮ್ಮಿಯ ಹಿಂದೆ ಆರ್ವಿಲ್ ಮೊಣಕಾಲೂರಿ ಕೂತಿದ್ದ. ಬಂದೂಕು ದಿಮ್ಮಿಯ ಮೇಲಿತ್ತು. ಅವನ ಮುಖ ಮೈದಾಹಿಟ್ಟಿನ ಹಾಗೆ.

"ಯಾರ್ಗಾದ್ರೂ ಏಟು ಬಿತ್ತಾ?" ಎಂದ ಹೋಬರ್ಟ್.

ಎಸ್ಟಿಲ್ ರೇಗಿದ: "ಏಟಾ? ನಿನಗೇನ್ ತಲೆ ಕೆಟ್ಟಿದ್ಯೇನೋ? ನಲವತ್ತು ನಿಮಿಷದಿಂದ ಒಂದು ಹೇಂಟೆ ನನ್ನ ಹತ್ರ ಬರ್ತಾ ಇತ್ತು! ಅದರ ಹಿಂದೇನೇ ಹುಂಜ..." ಎನ್ನುವಾಗ ದಿಮ್ಮಿಯ ಕಡೆ ನೋಡಿದ. ಆರ್ವಿಲನ ಮಡಿಲಲ್ಲಿ ಇಪ್ಪತ್ತನಾಲ್ಕನೇ ನಂಬರಿನ ಪೆಟ್ಟಿಗೆ ಇತ್ತು.

ಆರ್ವಿಲ್ ಬಂದೂಕಿನ ತೋಟಾ ಒಂದೊಂದೇ ತೆಗೆದು ನೆಲಕ್ಕಿಟ್ಟ. ಮೂರನೆಯದು ಕೈಯಿಂದ ಜಾರಿ ಎಲೆಗಳೊಳಗೆ ಹೋಯಿತು, ಹುಡುಕಲಿಲ್ಲ. "ಬಂದೂಕಿನ ಸೇಫ್ಟಿ ತೆಗೆದಿದ್ದೆ ಭಾವ," ಎಂದ, ಹೋಬರ್ಟನಿಗೆ ಮಾತ್ರ ಕೇಳುವಂತೆ. "ಕೆಂಪಗೆ ಕಾಣ್ತು. ಬೆರಳು ಒಳಗಿತ್ತು. ಹಾರನ್ ಆಯ್ತು." ಆಮೇಲೆ ಆಚೆ ತಿರುಗಿ ವಾಂತಿ ಮಾಡಿಕೊಂಡ.

ಬಾಯೊರೆಸಿಕೊಂಡು ಎದ್ದಮೇಲೆ ಎಸ್ಟಿಲನನ್ನು ನೋಡಿದ. ಹನ್ನೊಂದು ವರ್ಷದ ಮೇಲೆ ಅವನು ಎಸ್ಟಿಲನಿಗೆ ಆಡಿದ ಮೊದಲ ಮಾತು: "ಆ ದರಿದ್ರ ಬಟ್ಟೆ ಜೇಬಿಗಿಡೋ, ಕತ್ತೆ."

ಎಸ್ಟಿಲ್ ಇಟ್ಟ. "ನೀನೇನೋ ಆ ಹೇಂಟೆ?" ಎಂದ.

"ಹೂಂ."

"ಚೆನ್ನಾಗ್ ಕರೀತಿದ್ದೆ."

ಯಾರೂ ನಗಲಿಲ್ಲ. ಆರ್ವಿಲ್ ಟ್ರಕ್ಕು ಓಡಿಸುವ ಸ್ಥಿತಿಯಲ್ಲಿರಲಿಲ್ಲ. ಏನಾಗಲಿತ್ತೆಂಬುದು ಎಸ್ಟಿಲನಿಗೂ ಈಗ ತಾನೆ ಅರಿವಾಗಿತ್ತು. ಹೋಬರ್ಟ್ ಇಬ್ಬರನ್ನೂ ಬಸ್ಸಿನಲ್ಲಿ ಕೂರಿಸಿಕೊಂಡು ಕಣಿವೆ ಇಳಿದ. ಆರ್ವಿಲ್ ಮೊದಲನೇ ಸೀಟು, ಎಸ್ಟಿಲ್ ಕಟ್ಟಕಡೆಯದು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಇಬ್ಬರನ್ನೂ ನೋಡುತ್ತ, ಗಂಟೆಗೆ ಹದಿನೈದು ಮೈಲಿಯಲ್ಲಿ ಬಂದ.

ಅವತ್ತು ಮಧ್ಯಾಹ್ನ ಅವನು ಕೊಟ್ಟಿಗೆಗೆ ಹೋಗಿ, ಅರ್ಧವಾಗಿದ್ದ ಮೂರು ಪೆಟ್ಟಿಗೆಯನ್ನೂ ಉಳಿಗಳನ್ನೂ ಗೋಣಿಚೀಲಕ್ಕೆ ತುಂಬಿದ. ಕೊಟ್ಟವರಿಂದೆಲ್ಲ ವಾಪಸು ಇಸಿದುಕೊಂಡು ಬರುತ್ತೇನೆ, ಎಲ್ಲ ಒಲೆಗೆ ಎಂದ. ಒನೀಡಾ ಬಾಗಿಲಲ್ಲಿ ನಿಂತು ಕೇಳಿದಳು. ಅಷ್ಟು ಹೊತ್ತಿಗೆ ಅವಳಿಗೆ ಎಲ್ಲ ಗೊತ್ತಾಗಿತ್ತು.

"ಪೆಟ್ಟಿಗೆ ಏನ್ ಮಾಡ್ತು?"

"ನಿಜವಾದ ಹಕ್ಕಿ ಥರ ಕೂಗ್ತಲ್ಲ."

"ಕೂಗ್ಲಿ ಅಂತಲೇ ಅಲ್ವಾ ಮಾಡಿದ್ದು? ಅದು ತನ್ನ ಕೆಲಸ ಮಾಡ್ತು. ನಿನ್ನೆ ನನ್ನ ಮೇಜಿನಲ್ಲಿ ಕೂತ್ಕೊಂಡು ಬಾಯಿ ಮುಚ್ಚಿದ್ದು ನೀನು. ಮರದ ತುಂಡಿನ ಮೇಲ್ಯಾಕೆ ಹಾಕ್ತೀಯ?"

ಅವನು ಚೀಲದ ಬಾಯಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತ. ಅವಳು ಒಳಗೆ ಬಂದು ಅವನ ಕೈಯಿಂದ ಚೀಲ ಬಿಡಿಸಿ ಗೋಡೆಗೊರಗಿಸಿದಳು.

"ಆರ್ವಿಲ್‌ಗಿನ್ನೂ ಗೊತ್ತಿಲ್ಲ," ಎಂದ ಹೋಬರ್ಟ್. "ಎಸ್ಟಿಲ್‌ಗೆ ನಾನೇ ಮೊದ್ಲು ಹೇಳಿದ್ದೆ ಅಂತ. ಅವನು ಎಲ್ಲೋ ಅಚಾನಕ್ಕು ಆಯ್ತು ಅಂದ್ಕೊಂಡಿದಾನೆ."

"ಹಾಗಾದ್ರೆ ಹೋಗಿ ಹೇಳು."

ಭಾನುವಾರ ಚರ್ಚು ಬಿಟ್ಟಮೇಲೆ ಆರ್ವಿಲನ ಮನೆಗೆ ಹೋದ. ನಾಲ್ಕು ಮೈಲಿ ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿ ಸುಮ್ಮನೆ ಕೂತಿದ್ದ. ಕಾಡಿನಲ್ಲಿ ಕೈಯೆತ್ತಿಕೊಂಡು ಹತ್ತುವಾಗ ಇದ್ದ ಭಯಕ್ಕಿಂತ ಇದು ಹೆಚ್ಚಾಗಿತ್ತು. ಅಲ್ಲಿ ಯೋಚಿಸಲು ಹೊತ್ತಿರಲಿಲ್ಲ. ಆರ್ವಿಲ್ ಜಗಲಿಯ ಮೆಟ್ಟಿಲ ಮೇಲೆ ಚರ್ಚಿನ ಅಂಗಿಯಲ್ಲೇ ಕೂತಿದ್ದ. ಹೋಬರ್ಟ್ ನಿಂತೇ ಹೇಳಿದ, ಗುರುವಾರದಿಂದ ಶುರುಮಾಡಿ, ಒಂದೂ ಬಿಡದೆ. "ಆ ಹೆಸರು ಎತ್ತಿದ್ರೆ ನೀನು ಎದ್ದು ಹೋಗ್ತೀಯ ಅಂತ ಹೆದರಿದೆ," ಎಂದು ಮುಗಿಸಿದ.

ಆರ್ವಿಲ್ ಅಂಗಿಯ ಕತ್ತಿನ ಗುಂಡಿ ಬಿಚ್ಚಿದ.

"ಹೋಗ್ತಿದ್ದೆ," ಎಂದ. "ಅದು ನಿಜ. ಎದ್ದು ಹೋಗ್ತಿದ್ದೆ, ಅಕ್ಕ ಅಳ್ತಿದ್ಲು. ಆದ್ರೆ ಹೋದ್ರೆ ಹೋಗ್ಲಿ ಅಂತ ಹೇಳ್ಬೇಕಿತ್ತು ಭಾವ ನೀನು."

"ಹೌದು."

"ಅವನು ಗಣಿ ಗೇಟು ದಾಟಿದ್ದನ್ನ ನಾನು ಸಾಯೋವರ್ಗೂ ಮರೆಯಲ್ಲ. ಮರೆಯದೆ ಇರೋದೇ ಬೇರೆ, ಇದೇ ಬೇರೆ. ನಿನ್ನೆಯಿಂದ ಕಣ್ಣು ಮುಚ್ಚಿದ್ರೆ ಕೆಂಪು ಬಟ್ಟೆ." ಕೈಗಳನ್ನು ಮೊಣಕಾಲಿನ ಮಧ್ಯೆ ಸೇರಿಸಿಕೊಂಡ. "ಕೂತ್ಕೊ. ನಿಂತೇ ಇದೀಯಲ್ಲ."

ಹೋಬರ್ಟ್ ಕೂತ. ಇಬ್ಬರೂ ಮತ್ತೆ ಆ ವಿಷಯ ಎತ್ತಲಿಲ್ಲ.

ಸೋಮವಾರ ಶಾಲಾ ಕಚೇರಿಯಿಂದ ಕರೆ ಬಂತು. ರಜೆಯ ದಿನ ಬಸ್ಸು ತೆಗೆದದ್ದಕ್ಕೆ ಬರವಣಿಗೆಯಲ್ಲಿ ಕಾರಣ ಕೊಡಬೇಕಿತ್ತು. ಫಾರಂನಲ್ಲಿ 'ಪ್ರಯಾಣದ ಉದ್ದೇಶ' ಎಂಬಲ್ಲಿ ಹೋಬರ್ಟ್ ಬಹಳ ಯೋಚಿಸಿ, 'ಇಬ್ಬರನ್ನು ಮನೆ ಸೇರಿಸಲು' ಎಂದು ಬರೆದ. ಅಧಿಕಾರಿ ಓದಿ, ಇನ್ನು ಮುಂದೆ ಹೀಗಾಗಬಾರದು ಎಂದು ಸಹಿ ಹಾಕಿದ. ಅವನ ತಮ್ಮನೂ ಬೇಟೆಗಾರ.

ಬೇಸಿಗೆಯೆಲ್ಲ ಕೊಟ್ಟಿಗೆಗೆ ಬೀಗ ಬಿದ್ದಿತ್ತು. ಅಕ್ಟೋಬರಿನಲ್ಲಿ ತೆಗೆದ. ಪೆಟ್ಟಿಗೆ ಮೊದಲಿನ ಹಾಗೇ ಮಾಡಿದ. ಬೇಕೆಂದೇ ದನಿ ಕೆಡಿಸಲಿಲ್ಲ. ಆದರೆ ಹುಂಜ ಎಲ್ಲಿದೆ ಎಂದು ಕೇಳಿದವರಿಗೆ ಅವನ ಮೊದಲ ಉತ್ತರ, ಅಲ್ಲಿಗೆ ಆಗಲೇ ಇಂಥವನು ಹೋಗುತ್ತಿದ್ದಾನೆ ಎಂಬುದು. ಹೆಸರು ಹೇಳುವುದು ಈಗಲೂ ಕಷ್ಟವೇ, ಆದರೂ ಹೇಳುತ್ತಿದ್ದ. ಕೆಲವರು ಸಿಡುಕಿಕೊಂಡು ಹೋದರು. ಎಸ್ಟಿಲ್ ಬಿಳಿ, ಕೆಂಪು, ನೀಲಿ ಯಾವ ಬಣ್ಣದ ವಸ್ತ್ರವೂ ಬೇಡವೆಂದು ಕಂದು ಕಾಗದದ ಚೂರಿನಲ್ಲಿ ಮೂಗೊರೆಸಿಕೊಳ್ಳಲು ಶುರುಮಾಡಿದ, ಆಮೇಲೆ ಒನೀಡಾ ಅವನಿಗೆ ಹಸಿರು ಬಟ್ಟೆಯ ಆರು ಕರವಸ್ತ್ರ ಹೊಲಿದುಕೊಟ್ಟಳು. ಅವನೂ ಆರ್ವಿಲನೂ ಸ್ನೇಹಿತರಾದರೆಂದು ಹೇಳಲಾಗದು. ಅಂಚೆಕಚೇರಿಯಲ್ಲಿ ಎದುರಾದರೆ ಗುರುತಿಗೆ ಗದ್ದ ಎತ್ತುತ್ತಿದ್ದರು, ಅಷ್ಟೆ.

ಬಸ್ಸಿನ ಕೆಲಸ ಬಿಟ್ಟಮೇಲೂ ಹೋಬರ್ಟ್ ಬೇಟೆ ಶುರುವಾಗುವ ಶನಿವಾರ ನಸುಕಿಗೇ ಜಗಲಿಯಲ್ಲಿ ಕೂರುವುದು ಬಿಡಲಿಲ್ಲ. ರಸ್ತೆಯಲ್ಲಿ ಎಷ್ಟು ಟ್ರಕ್ಕು ಮೇಲಕ್ಕೆ ಹೋದವೆಂದು ಎಣಿಸುವನು. ಮಧ್ಯಾಹ್ನ ಹನ್ನೆರಡಕ್ಕೆ ಬೇಟೆಯ ಹೊತ್ತು ಮುಗಿಯುತ್ತದೆ. ಅಷ್ಟೂ ಕೆಳಗಿಳಿಯುವವರೆಗೆ ಕಾಫಿಯ ಹೊರತು ಏನೂ ಬಾಯಿಗಿಡುತ್ತಿರಲಿಲ್ಲ. ಒಂದು ವರ್ಷ ಏಳು ಹತ್ತಿ ಆರೇ ಇಳಿದವು. ಗಂಟೆ ಒಂದಾಯಿತು, ಎರಡಾಯಿತು. ಹೋಬರ್ಟ್ ಟೋಪಿ ಹಾಕಿಕೊಂಡು ಹೊಳೆ ದಾಟಿ ಮೇಲಕ್ಕೆ ನಡೆದ. ಆರ್ವಿಲ್ ಹಳೇ ಗೇಟಿನ ಹತ್ತಿರ ಬಿಸಿಲಲ್ಲಿ ಟ್ರಕ್ಕಿನ ಹಿಂದೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಹೋಬರ್ಟ್ ಅವನನ್ನು ಎಬ್ಬಿಸಲಿಲ್ಲ. ಎದೆ ಏರಿಳಿಯುವುದನ್ನು ಚೆನ್ನಾಗಿ ನೋಡಿಕೊಂಡು, ಪಕ್ಕದ ಕಲ್ಲಿನ ಮೇಲೆ ಕೂತು, ಅವನಾಗಿ ಏಳುವವರೆಗೆ ಕಾದ.